ಆರೋಗ್ಯ ವಿಚಾರ: ಮಗು ಒಂದು, ವೈದ್ಯರು ಹಲವರು

ಮಕ್ಕಳ ಮಿದುಳಿನ ಗಡ್ಡೆ ಎಂದರೆ ಕೇಳಿದವರ ಕೈಕಾಲು ತಣ್ಣಗಾಗುತ್ತದೆ. ಆದರೂ ಬೋಲಿಂಗ್‌ಬ್ರೂಕಿನ ನಮ್ಮ ಮನೆಗಳಲ್ಲೂ ಮಕ್ಕಳಿದ್ದಾರಲ್ಲ, ಈ ಸಲ ಅದನ್ನೇ ಎತ್ತಿಕೊಂಡಿದ್ದೇವೆ.

ಮೆಡುಲ್ಲೋಬ್ಲಾಸ್ಟೋಮ ಕಿರುಮಿದುಳಿನಲ್ಲಿ ಹುಟ್ಟುವ ಗಡ್ಡೆ. ಬೆಳಗಿನ ತಲೆನೋವು, ವಾಂತಿ, ತಡವರಿಸುವ ನಡಿಗೆ ಅದರ ಸೂಚನೆಗಳು. ಕೊಯ್ದು ತೆಗೆದರೆ ಮುಗಿಯಿತೆಂದುಕೊಳ್ಳುತ್ತೇವೆ, ಮುಗಿಯುವುದಿಲ್ಲ. ಗಡ್ಡೆ ನಾಲ್ಕು ಗುಂಪುಗಳಲ್ಲಿ ಯಾವುದೆಂದು ಪೆಥಾಲಜಿಯವರು ಹೇಳಬೇಕು, ಆಮೇಲೆ ವಿಕಿರಣವೆಷ್ಟು, ಕೀಮೋ ಎಷ್ಟು ಎಂಬ ಲೆಕ್ಕ. ಮೂರು ವರ್ಷದೊಳಗಿನ ಕೂಸಿಗೆ ವಿಕಿರಣವನ್ನು ಆದಷ್ಟು ದೂರವಿಡುತ್ತಾರೆ. ಒಬ್ಬರ ತೀರ್ಮಾನ ಇನ್ನೊಬ್ಬರದಕ್ಕೆ ಕಟ್ಟುಬಿದ್ದಿರುವುದರಿಂದಲೇ ಎಲ್ಲರೂ ‘ಟ್ಯೂಮರ್ ಬೋರ್ಡ್’ ಎಂದು ಒಟ್ಟಿಗೆ ಕೂರುವುದು. ಮುಂದೆ ಮಗು ಎತ್ತರ ಬೆಳೆಯದಿದ್ದರೆ ಹಾರ್ಮೋನಿನ ತಜ್ಞರು, ಪಾಠದಲ್ಲಿ ಹಿಂದೆ ಬಿದ್ದರೆ ಮನಶ್ಶಾಸ್ತ್ರಜ್ಞರು.

ಶಿಕಾಗೋದ ಲೂರಿ ಮಕ್ಕಳ ಆಸ್ಪತ್ರೆ 2012ರವರೆಗೆ ಚಿಲ್ಡ್ರನ್ಸ್ ಮೆಮೋರಿಯಲ್ ಆಗಿತ್ತು, ಹಳಬರಿಗೆ ನೆನಪಿದ್ದೀತು. ಪ್ರೋಟಾನ್ ವಿಕಿರಣದ ಕೇಂದ್ರ 2010ರಲ್ಲಿ ವಾರನ್‌ವಿಲ್‌ನಲ್ಲಿ ತೆರೆಯಿತು. ನಮ್ಮೂರಿಂದ ಕಾರಿನಲ್ಲಿ ಅರ್ಧ ಗಂಟೆ. ವಿಕಿರಣವೆಂದರೆ ವಾರಕ್ಕೆ ಐದು ದಿನ, ಸುಮಾರು ಆರು ವಾರ. ಕಾರು ಓಡಿಸುವ ನೆರೆಯವರನ್ನೂ ನಾವು ತಂಡಕ್ಕೇ ಸೇರಿಸುತ್ತೇವೆ.

ಇನ್ನೊಂದು ಮಾತು. ಈ ಶಸ್ತ್ರಕ್ರಿಯೆಯಾದ ನಾಲ್ಕು ಮಕ್ಕಳಲ್ಲಿ ಸುಮಾರು ಒಂದಕ್ಕೆ ಒಂದೆರಡು ದಿನದಲ್ಲಿ ಮಾತು ನಿಂತುಹೋಗುತ್ತದೆ. ಮರಳುವುದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಮಾತಿನ ಚಿಕಿತ್ಸಕರು ಕೇಳುವುದು ಇಂಗ್ಲಿಷಿನಲ್ಲಿ. ಮನೆಯಲ್ಲಿ ಅಜ್ಜಿಯೊಡನೆ ಕನ್ನಡವಾಡುವ ಮಗುವೆಂದು ಶಸ್ತ್ರಕ್ರಿಯೆಗೆ ಮುಂಚೆಯೇ ತಂಡಕ್ಕೆ ತಿಳಿಸಿ, ನಾಲ್ಕಾರು ಪದ ಬರೆದುಕೊಡಿ. ನಡುರಾತ್ರಿ ಮಗು “ನೀರು” ಎಂದು ಪಿಸುಗುಟ್ಟಿದರೆ ಅದು ಮಾತೆಂದು ನರ್ಸಮ್ಮನಿಗೆ ಗೊತ್ತಾಗಬೇಕು.