ಬಸ್ಸು ಬಾರದ ಮುಖ್ಯ ರಸ್ತೆ

ಕೊಪ್ಪದಿಂದ ತೀರ್ಥಹಳ್ಳಿಗೆ ಸುಮಾರು 30 ಕಿಲೋಮೀಟರ್. ಎರಡೂ ತಾಲ್ಲೂಕು ಕೇಂದ್ರಗಳೇ. ಒಂದು ಚಿಕ್ಕಮಗಳೂರು ಜಿಲ್ಲೆಯದು, ಇನ್ನೊಂದು ಶಿವಮೊಗ್ಗದ್ದು. ನಡುವೆ ತೋಟ, ಗದ್ದೆ, ಬ್ಯಾಣ. ಗಡಿಕಲ್ಲಿನ ಬಳಿ ಕುವೆಂಪು ಅವರ ಕುಪ್ಪಳಿಗೆ ಹೋಗುವ ತಿರುವು. ಆಸ್ಪತ್ರೆಗೆ, ಕಾಲೇಜಿಗೆ, ಸಂತೆಗೆ ಹೊರಟ ಈ ಸೀಮೆಯ ಜನ ಬಂದು ನಿಲ್ಲುವುದು ಇದೇ ರಸ್ತೆಯ ಅಂಚಿಗೆ. ಕಾರು, ಬೈಕು ಇದ್ದವರು ಹೇಗೋ ಹೋಗುತ್ತಾರೆ. ಬಸ್ಸನ್ನೇ ನೆಚ್ಚಿದವರ ಕಾಯುವಿಕೆ ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ.

ಮಲೆನಾಡಿಗೆ ಒಳ್ಳೆಯ ಬಸ್ ಸೇವೆ ಎಂದರೇನೆಂದು ತೋರಿಸಿಕೊಟ್ಟದ್ದು ಕೊಪ್ಪದ ಸಹಕಾರ ಸಾರಿಗೆ. ಖಾಸಗಿ ಕಂಪನಿಯೊಂದು ಕೈಚೆಲ್ಲಿದಾಗ ಅದರ ಕಾರ್ಮಿಕರೇ ಕೂಡಿ 1991ರಲ್ಲಿ ಕಟ್ಟಿದ ಸಂಸ್ಥೆ ಅದು. ಸ್ಟಿಯರಿಂಗ್ ಹಿಡಿದವರು, ಟಿಕೆಟ್ ಹರಿದವರೇ ಅದರ ಒಡೆಯರು. ಬಸ್ಸುಗಳ ಸಂಖ್ಯೆ 70 ದಾಟಿತ್ತು. ಹೆಚ್ಚು ಜನ ಸಿಗದ ಹಳ್ಳಿ ದಾರಿಗಳಿಗೂ ಗಾಡಿ ಇಳಿಯುತ್ತಿತ್ತು, ಓದುವ ಮಕ್ಕಳಿಗೆ ರಿಯಾಯಿತಿ ಪಾಸು ಸಿಗುತ್ತಿತ್ತು. ಡೀಸೆಲ್ ಬೆಲೆ, ತೆರಿಗೆ, ಹಳೆಯ ಗಾಡಿಗಳ ರಿಪೇರಿ, ಸಾಲ ಎಲ್ಲವೂ ಒಟ್ಟಿಗೆ ಮೇಲೆ ಬಿದ್ದು 2020ರ ಫೆಬ್ರುವರಿಯಲ್ಲಿ ಅದು ನಿಂತಿತು. ಮರುತಿಂಗಳೇ ಲಾಕ್‌ಡೌನ್. ಜನರ ಕೂಗು ಅದರಡಿ ಹೂತುಹೋಯಿತು. ಸುಮಾರು ಮೂರು ದಶಕ ಊರು ಸಾಕಿದ ಸಂಸ್ಥೆಯನ್ನು ಸರ್ಕಾರ ಕೈಹಿಡಿದು ಎತ್ತಲಿಲ್ಲ ಎಂಬುದು ನಮ್ಮ ದೂರು. ಆ ದೂರು ಇಂದಿಗೂ ಹಾಗೆಯೇ ಇದೆ.

ಮಲೆನಾಡಿನಲ್ಲಿ ಬಸ್ಸನ್ನು ಕೊಲ್ಲುವುದರಲ್ಲಿ ರಸ್ತೆಯ ಪಾಲೂ ಇದೆ. ಇಲ್ಲಿ ಟಾರಿಗೆ ಶತ್ರು ಲಾರಿಗಿಂತ ನೀರು. ಯಾವುದೇ ತಿರುವಿನಲ್ಲಿ ಇಳಿದು ನೋಡಿ: ಧರೆಯ ಮಣ್ಣು ಜಾರಿ, ದರಗೆಲೆ ಸೇರಿ ಚರಂಡಿ ಮಟ್ಟವಾಗಿರುತ್ತದೆ, ಮೋರಿಯ ಬಾಯಿ ಕಟ್ಟಿರುತ್ತದೆ. ಹರಿಯಲು ಜಾಗ ಕಾಣದ ನೀರು ರಸ್ತೆಯ ಮೇಲೇ ಹರಿದು ಮೊದಲು ಅಂಚನ್ನು ತಿನ್ನುತ್ತದೆ, ಆಮೇಲೆ ನಡುವನ್ನು. ಪೈಪು, ಕೇಬಲ್ಲಿಗೆಂದು ಅಗೆದು ಸರಿಯಾಗಿ ಮುಚ್ಚದ ಕಾಲುವೆ ಇದ್ದರಂತೂ ಒಂದೇ ಜಡಿಮಳೆ ಸಾಕು. ಹಿಂದೆ ಗ್ಯಾಂಗ್‌ಮನ್‌ಗಳು ಗುದ್ದಲಿ ಹಿಡಿದು ಮಳೆಗೆ ಮುಂಚೆ ಚರಂಡಿ ಬಿಡಿಸುತ್ತಿದ್ದರು. ಈಗ ಕೆಟ್ಟ ಮೇಲೆ ಟೆಂಡರ್, ಟೆಂಡರಾದ ಮೇಲೆ ತೇಪೆ. ಗುಂಡಿಗೆ ಬಿದ್ದ ಬಸ್ಸಿನ ಸ್ಪ್ರಿಂಗ್ ಪ್ಲೇಟು ಮುರಿಯುತ್ತದೆ, ಟೈರು ಸವೆಯುತ್ತದೆ. ಆ ಖರ್ಚು ಕಲೆಕ್ಷನ್ನಿನಲ್ಲಿ ಹುಟ್ಟದಿದ್ದಾಗ ಮಾಲೀಕ ಮೊದಲು ಕಟ್ ಮಾಡುವುದು ಸಂಜೆಯ ಟ್ರಿಪ್. ಆ ಟ್ರಿಪ್ಪಿನಲ್ಲಿ ಮನೆಗೆ ಮರಳಬೇಕಾದವಳು ಕಾಲೇಜು ಹುಡುಗಿ. ಎರಡು ಮೈಲಿ ಕಾಡುದಾರಿಯಲ್ಲಿ ಒಬ್ಬಳೇ ನಡೆಯಬೇಕೆಂದರೆ ಮನೆಯವರು ಕಾಲೇಜನ್ನೇ ಬಿಡಿಸುತ್ತಾರೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಸಿಕ್ಕಿತು. ಒಳ್ಳೆಯದೇ. ಆದರೆ ಮಲೆನಾಡಿನ ಬಹುಪಾಲು ಹಳ್ಳಿಗಳಿಗೆ ಆಧಾರ ಖಾಸಗಿ ಬಸ್ಸು. ಅಲ್ಲಿನ ಕೂಲಿ ಹೆಂಗಸು ಈಗಲೂ ಕಾಸು ಕೊಟ್ಟೇ ಹತ್ತಬೇಕು. ಅದೂ ಬಸ್ಸು ಬಂದರೆ.

ಮೃಗಶಿರಾ ಮಳೆ ಹಿಡಿಯುವ ಮೊದಲು ಎರಡೂ ಜಿಲ್ಲೆಯ ಲೋಕೋಪಯೋಗಿ ಅಧಿಕಾರಿಗಳು ಜೀಪು ಬಿಟ್ಟು ಈ ರಸ್ತೆಯಲ್ಲಿ ಒಮ್ಮೆ ಬಸ್ಸಿನಲ್ಲಿ ಓಡಾಡಲಿ. ಟಾರು ಆಮೇಲೆ ಬರಲಿ, ಮೊದಲು ಚರಂಡಿ, ಮೋರಿ ಬಿಡಿಸಲಿ. ಬೆಳಿಗ್ಗೆ ಕಾಲೇಜಿನ ಹೊತ್ತಿಗೊಂದು, ಸಂಜೆ ಕತ್ತಲಾಗುವ ಮುನ್ನ ಒಂದು ಸರ್ಕಾರಿ ಬಸ್ಸನ್ನು ತಪ್ಪದೆ ಓಡಿಸುವಂತೆ ಎರಡೂ ತಾಲ್ಲೂಕಿನ ಶಾಸಕರು ಸಾರಿಗೆ ಸಚಿವರ ಮುಂದೆ ಪಟ್ಟು ಹಿಡಿಯಲಿ.