ನಗರವನ್ನು ನೋಡುವ ಬಗೆ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಮಹಾನಗರಗಳ ನಿವಾಸಿಗಳಿಗೆ ಚೆನ್ನಾಗಿ ಒಪ್ಪುತ್ತದೆ. ಪರಸ್ಥಳದ ಪ್ರವಾಸಿ ಕುತೂಹಲದಿಂದ ನಿಂತು ನೋಡುವ ಕಟ್ಟಡದ ಮುಂದೆಯೇ ಊರಿನವರು ದಿನವೂ ಹಾದುಹೋಗುತ್ತಾರೆ. ಅದನ್ನು ಕಟ್ಟಿಸಿದವರಾರು, ಏಕೆ ಕಟ್ಟಿಸಿದರು ಎಂದು ಕೇಳುವವರು ವಿರಳ. ಈ ಉದಾಸೀನ ಸಣ್ಣ ದೋಷವಲ್ಲ. ಜನರು ಅರಿಯದ ಸಂಪತ್ತನ್ನು ಜನರು ಉಳಿಸಿಕೊಳ್ಳಲಾರರು.

ಬೆಂಗಳೂರನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. 1537ರಲ್ಲಿ ಕೆಂಪೇಗೌಡನು ಕಟ್ಟಿಸಿದ ಮಣ್ಣಿನ ಕೋಟೆ ಇಂದು ಇಲ್ಲ. ಆದರೂ ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ ಎಂಬ ಹೆಸರುಗಳು ಹಳೆಯ ಊರಿನ ಕಸುಬುಗಳನ್ನೂ ವ್ಯಾಪಾರವನ್ನೂ ನೆನಪಿಗೆ ತರುತ್ತವೆ. ಹೈದರಾಲಿಯ ಕಾಲದ ಕಲ್ಲುಕೋಟೆಯನ್ನು 1791ರಲ್ಲಿ ಕಾರ್ನ್‌ವಾಲಿಸನ ಸೇನೆ ವಶಪಡಿಸಿಕೊಂಡಿತು. ಆ ಕೋಟೆಯಲ್ಲಿ ದೆಹಲಿ ಬಾಗಿಲು ಮತ್ತು ಅದರ ಆಸುಪಾಸಿನ ಸ್ವಲ್ಪ ಭಾಗ ಮಾತ್ರ ಈಗ ಉಳಿದಿದೆ. ಸಮೀಪದಲ್ಲೇ ತೇಗದ ಕಂಬಗಳ ಟಿಪ್ಪುವಿನ ಅರಮನೆಯಿದೆ. ಧರ್ಮಾಂಬುಧಿ ಕೆರೆಯಿದ್ದ ಎಡೆಯಲ್ಲಿ ಇಂದು ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯಿದ್ದ ಎಡೆಯಲ್ಲಿ ಕಂಠೀರವ ಕ್ರೀಡಾಂಗಣವಿದೆ.

ನಗರ ಬೆಳೆಯಬೇಕಾದರೆ ಹಳೆಯದು ಅಳಿಯಲೇಬೇಕೆಂದು ವಾದಿಸುವವರುಂಟು. ಹೆಚ್ಚಿದ ಜನರಿಗೆ ಮನೆ, ರಸ್ತೆ, ಕಚೇರಿಗಳು ಬೇಕೆಂಬುದು ನಿಜ. ಆದರೆ ಬೆಳವಣಿಗೆಗೂ ಸಂರಕ್ಷಣೆಗೂ ವೈರವಿಲ್ಲವೆಂಬುದಕ್ಕೆ ಅಠಾರಾ ಕಚೇರಿಯೇ ಸಾಕ್ಷಿ. 1868ರಲ್ಲಿ ಪೂರ್ಣಗೊಂಡ ಈ ಕೆಂಪು ಭವನದಲ್ಲಿ ಸರಕಾರದ 18 ಇಲಾಖೆಗಳಿದ್ದುದರಿಂದ ಅದಕ್ಕೆ ಆ ಹೆಸರು ಬಂದಿತು. 1980ರ ದಶಕದಲ್ಲಿ ಅದನ್ನು ಕೆಡವುವ ಯೋಚನೆ ನಡೆದಾಗ ನಾಗರಿಕರು ಪ್ರತಿಭಟಿಸಿದರು. ಅದೇ ಭವನದಲ್ಲಿದ್ದ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೇರಿದರು. ಕೊನೆಗೆ ಭವನ ಉಳಿಯಿತು. ಇಂದಿಗೂ ಅಲ್ಲಿ ನ್ಯಾಯದಾನ ನಡೆಯುತ್ತಿದೆ. 1956ರಲ್ಲಿ ಪೂರ್ಣಗೊಂಡ ವಿಧಾನಸೌಧದ ಎದುರಿಗೆ ಅದು ನಿಂತಿರುವುದರಿಂದ, ಎರಡು ಕಾಲಗಳ ಶಿಲ್ಪವನ್ನು ಒಂದೇ ನೋಟದಲ್ಲಿ ಕಾಣಬಹುದು.

ನಗರದ ಕಥೆ ಹಳೆಯ ಕಲ್ಲುಗಳಲ್ಲಿ ಮುಗಿಯುವುದಿಲ್ಲ. ಇಂದಿನ ಬೀದಿಯೂ ಮಾತನಾಡುತ್ತದೆ. 2015ರಲ್ಲಿ ಬಾದಲ್ ನಂಜುಂಡಸ್ವಾಮಿ ಎಂಬ ಕಲಾವಿದರು ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ನೀರು ತುಂಬಿದ್ದ ಹೊಂಡವೊಂದರಲ್ಲಿ ಮೊಸಳೆಯ ಪ್ರತಿಮೆಯನ್ನಿರಿಸಿದರು. ದಾರಿಹೋಕರು ನಕ್ಕರು, ನಕ್ಕ ಮೇಲೆ ಯೋಚಿಸಿದರು. ದಿನವೂ ಕಂಡು ರೂಢಿಯಾಗಿದ್ದ ಕೊರತೆ ಅಂದು ಎಲ್ಲರ ಕಣ್ಣಿಗೂ ಬಿತ್ತು. ಕಂಡದ್ದನ್ನು ಮತ್ತೊಮ್ಮೆ ಕಾಣುವಂತೆ ಮಾಡುವುದೇ ಬೀದಿಯ ಕಲೆಯ ಸಾರ್ಥಕತೆ.

ನಗರವನ್ನು ಅರಿಯಲು ಹೆಚ್ಚಿನ ಹಣ ಬೇಕಿಲ್ಲ. ಕಾಲ್ನಡಿಗೆ, ತೆರೆದ ಕಣ್ಣು, ಪ್ರಶ್ನಿಸುವ ಮನಸ್ಸು ಇದ್ದರೆ ಸಾಕು. ಒಂದು ಬೀದಿಗೆ ಆ ಹೆಸರೇಕೆ ಬಂದಿತೆಂದು ಅಲ್ಲಿನ ಹಿರಿಯರನ್ನು ಕೇಳುವ ವಿದ್ಯಾರ್ಥಿ, ಪುಸ್ತಕದಲ್ಲಿ ದೊರೆಯದ ಪಾಠವನ್ನು ಕಲಿಯುತ್ತಾನೆ. ಗೋಡೆಗಳ ಮೇಲೆ ಹೆಸರು ಕೆತ್ತಿ ವಿರೂಪಗೊಳಿಸುವ ಕೈಯನ್ನು ತಡೆಯುವವನೂ ಅವನೇ. ಕಾನೂನು ಕಟ್ಟಡಕ್ಕೆ ಕಾವಲಿರಿಸಬಹುದು. ಆದರೆ ಅಭಿಮಾನವು ಪರಿಚಯದಿಂದಲೇ ಹುಟ್ಟಬೇಕು.