ಬುದ್ಧಿಯ ಅಂಕ ಹಣೆಬರಹವಲ್ಲ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದೊಡನೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಪಾಲಕರಿಗೆ ಒಂದೇ ಚಿಂತೆ: ಮುಂದೇನು? ‘ಹುಡುಗನಿಗೆ ಬುದ್ಧಿ ಪರೀಕ್ಷೆ ಮಾಡಿಸೋಣವೇ ಡಾಕ್ಟ್ರೇ?’ ಎನ್ನುವವರಿದ್ದಾರೆ. ಮಾಡಿಸಿ; ಆದರೆ ಏತಕ್ಕೆಂದು ಮೊದಲು ತಿಳಿಯಿರಿ.

1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಈ ಪರೀಕ್ಷೆ ರೂಪಿಸಿದ್ದು ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ನೆರವಾಗಲು; ದಡ್ಡರೆಂದು ಹಣೆಪಟ್ಟಿ ಹಚ್ಚಲಿಕ್ಕಲ್ಲ. ಅದರ ಪರಿಷ್ಕೃತ ರೂಪವನ್ನು 1930ರ ದಶಕದಲ್ಲಿ ವಿ.ವಿ. ಕಾಮತರು ಧಾರವಾಡದಲ್ಲಿ ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಪರಭಾಷೆಯ ಪ್ರಶ್ನೆಗಳಿಂದ ನಮ್ಮ ಮಕ್ಕಳ ಬುದ್ಧಿ ಅಳೆಯಲಾಗದಷ್ಟೆ.

ನಿದ್ದೆಗೇಡು, ಅಂಜಿಕೆ, ಅನಾರೋಗ್ಯ ಕೂಡ ಅಂಕ ತಗ್ಗಿಸುತ್ತವೆ. ಆದ್ದರಿಂದ ಓದಿನಲ್ಲಿ ಹಿಂದೆ ಬಿದ್ದ ಮಗುವಿನ ಕಣ್ಣು, ಕಿವಿ, ರಕ್ತಹೀನತೆಯನ್ನು ಮೊದಲು ತಪಾಸಣೆ ಮಾಡಿಸಿ. ಅಲ್ಲೇನೂ ತೊಂದರೆಯಿಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ವಿಚಾರಿಸಿ.

ಆಸಕ್ತಿ ಪರೀಕ್ಷೆ ಒಲವನ್ನು ತೋರಿಸೀತು, ಸಾಮರ್ಥ್ಯವನ್ನಲ್ಲ. ವ್ಯಕ್ತಿತ್ವ ಪರೀಕ್ಷೆಯ ಉತ್ತರಗಳು ಬೆಳೆಯುವ ವಯಸ್ಸಿನಲ್ಲಿ ಬದಲಾಗುತ್ತವೆ. ಬೆರಳಚ್ಚು ನೋಡಿ ‘ಡಾಕ್ಟರ್ ಆಗುತ್ತಾನೆ’ ಎನ್ನುವವರಿಗಂತೂ ಹಣ ಸುರಿಯಬೇಡಿ. ಅದಕ್ಕೆ ವೈಜ್ಞಾನಿಕ ಆಧಾರವಿಲ್ಲ.

ಅಂಕ ಎಷ್ಟೇ ಬರಲಿ, ನೆಂಟರೆದುರು ಆಡಿ ಮಗುವನ್ನು ಕುಗ್ಗಿಸಬೇಡಿ. ಅದಕ್ಕೆ ಯಾವ ನೆರವು ಬೇಕೆಂದು ಪರೀಕ್ಷೆ ಮಾಡಿದವರನ್ನೇ ಕೇಳಿ. ಪರೀಕ್ಷೆ ಇರುವುದೇ ಅದಕ್ಕಾಗಿ.